ಹಳೆಯ ಕಾರಿನ ಗುಂಯ್ ಶಬ್ದ ಎಂಜಿನ್ನಿನದೋ, ಚಕ್ರದ್ದೋ?

ತುಮಕೂರಿನಿಂದ ಶಿರಾ ಕಡೆಗೆ ಹೆದ್ದಾರಿಯಲ್ಲಿ ಹೋಗುವಾಗ, ಗಂಟೆಗೆ 50 ಕಿ.ಮೀ. ದಾಟಿದೊಡನೆ ನಿಮ್ಮ 15 ವರ್ಷದ ಕಾರು ಗುಂಯ್‌ಗುಡುವುದೇಕೆಂದು ಕೇಳಿದ್ದೀರಿ. ಮೊದಲು ಕಾರನ್ನು ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರ್ ಒತ್ತಿ ನೋಡಿ. ಆಗ ಆ ಶಬ್ದ ಬಾರದೆ, ಓಡುವಾಗ ಖಾಲಿ ರಸ್ತೆಯಲ್ಲಿ ಕ್ಷಣಕಾಲ ಕ್ಲಚ್ ಒತ್ತಿದರೂ ಹಾಗೆಯೇ ಮುಂದುವರಿದರೆ, ಅದು ಎಂಜಿನ್ನಿನದಲ್ಲ, ಬಹುಮಟ್ಟಿಗೆ ಚಕ್ರದ ಬೇರಿಂಗಿನದು (ಚಕ್ರ ಸರಾಗವಾಗಿ ತಿರುಗಲು ಅದರ ನಡುವೆ ಇರುವ ಉಕ್ಕಿನ ಬಳೆ) ಅಥವಾ ಏರುಪೇರಾಗಿ ಸವೆದ ಟೈರಿನದು. ಬಲಕ್ಕೆ ಹೊರಳುವಾಗ ಭಾರ ಎಡಗಡೆಯ ಚಕ್ರಗಳ ಮೇಲೆ ಬೀಳುವುದರಿಂದ, ಆಗ ಶಬ್ದ ಹೆಚ್ಚಿದರೆ ಎಡಗಡೆಯ ಬೇರಿಂಗನ್ನು ಶಂಕಿಸಬೇಕು. ಸಮತಟ್ಟಾದ ಜಾಗದಲ್ಲಿ, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಕಾರನ್ನು ಜಾಕ್‌ನಿಂದ ಎತ್ತಿ ಅಡಿಗೆ ಸ್ಟ್ಯಾಂಡ್ ಇಟ್ಟ ಮೇಲೆ, ಒಂದು ಕೈಯನ್ನು ಸಸ್ಪೆನ್ಷನ್ ಸ್ಪ್ರಿಂಗಿನ ಮೇಲಿರಿಸಿ ಇನ್ನೊಂದರಿಂದ ಚಕ್ರ ತಿರುಗಿಸಿದರೆ, ಕೆಟ್ಟ ಬೇರಿಂಗಿನ ಗರಗರ, ರಾಗಿ ಬೀಸುವ ಕಲ್ಲಿನ ಅದುರಿನಂತೆ, ಬೆರಳಿಗೇ ತಿಳಿಯುತ್ತದೆ. ನಾನು ಕಿವಿಗಿಂತ ಇದನ್ನೇ ಹೆಚ್ಚು ನಂಬುತ್ತೇನೆ, ಏಕೆಂದರೆ ಕಾರಿನೊಳಗೆ ಶಬ್ದದ ದಿಕ್ಕು ಸುಲಭವಾಗಿ ಮೋಸ ಮಾಡುತ್ತದೆ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಹೊರಟಾಗ ಕಟಕಟ ಎಂದರೆ ಚಕ್ರವನ್ನು ತಿರುಗಿಸುವ ಆಕ್ಸಲ್ಲಿನ ಜಾಯಿಂಟ್ ಸವೆದಿರಬಹುದು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗಿನ ಕೀಚಲು ಸಾಮಾನ್ಯವಾಗಿ ಎಂಜಿನ್ನಿಗೆ ಸುತ್ತಿದ ಬೆಲ್ಟಿನದು. ಎಂಜಿನ್ನಿನಿಂದಲೇ, ಏರು ಹತ್ತುವಾಗ ಜೋರಾಗುವ ಆಳವಾದ ಬಡಿತ ಕೇಳಿದರೆ ಮಾತ್ರ, ಅಲ್ಲೇ ಆಫ್ ಮಾಡಿ, ಆಯಿಲ್ ಮಟ್ಟ ನೋಡಿ, ಗಾಡಿಯನ್ನು ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಿರಿ.