ತುದಿ ಕಾಣುತ್ತಿತ್ತು, ಆದರೂ ವಾಪಸ್ ಬಂದೆವು!

ಪ್ರಶ್ನೆ: ವಸಂತದಲ್ಲಿ ಕಡಿದಾದ ಹಿಮದ ಬೆಟ್ಟವೊಂದನ್ನು ಸ್ಕೀ ಮಾಡಲು ಹತ್ತಿದ್ದೆವು. ಬೆಳಗಿನ ಜಾವ ಮೂರಕ್ಕೇ ಹೊರಟೆವು. ತುದಿಗೆ ಇನ್ನೂರು ಮೀಟರ್ ಇರುವಾಗ ಗೈಡ್ ವಾಪಸ್ ಹೋಗೋಣ ಅಂದರು. ಆಗ ಒಳ್ಳೆಯ ಬಿಸಿಲಿತ್ತು. ಕಾರಣ ಕೇಳಿದರೆ, 'ರಾತ್ರಿ ಮೋಡ ಇತ್ತು' ಎಂದಷ್ಟೇ ಹೇಳಿದರು. ರಾತ್ರಿಯ ಮೋಡಕ್ಕೂ ಹಗಲಿನ ಸ್ಕೀಯಿಂಗ್‌ಗೂ ಏನು ಸಂಬಂಧ?

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ನಿಮ್ಮ ಗೈಡ್ ಮಾಡಿದ್ದೇ ಸರಿ.

ವಸಂತದ ಹಿಮ ಹಗಲು ಕರಗುತ್ತದೆ, ರಾತ್ರಿ ಗಟ್ಟಿಯಾಗುತ್ತದೆ. ಆಕಾಶ ಶುಭ್ರವಾಗಿದ್ದರೆ ಹಿಮದ ಮೈಯಿಂದ ಶಾಖ ನೇರ ಮೇಲಕ್ಕೆ ಹೊರಟುಹೋಗುತ್ತದೆ. ಗಾಳಿ ಸೊನ್ನೆ ಡಿಗ್ರಿಗಿಂತ ತುಸು ಬೆಚ್ಚಗಿದ್ದರೂ ಮೇಲ್ಪದರ ಹೆಪ್ಪುಗಟ್ಟಬಹುದು. ಮೋಡ ಬಂತೆಂದರೆ ಕಂಬಳಿ ಹೊದಿಸಿದ ಹಾಗೆ, ಶಾಖ ಅಲ್ಲೇ ಉಳಿಯುತ್ತದೆ. ಬೆಳಿಗ್ಗೆ ಮೇಲೆ ತೆಳ್ಳಗಿನ ಪದರ ಗಟ್ಟಿ, ಕೆಳಗೆಲ್ಲ ಒದ್ದೆ. ಅಂಥ ಹಿಮ ಬಿಸಿಲಿಗೆ ಬೇಗ ಸಡಿಲವಾಗಿ ಕುಸಿಯಬಹುದು. ಹಿಮಕುಸಿತಗಳು ಹೆಚ್ಚಾಗಿ ಹೊರಡುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ನಾವು ಸ್ಕೀ ಮಾಡಲು ಆಸೆಪಡುವುದೂ ಅಲ್ಲೇ ಅಲ್ವಾ?

ನನ್ನದೇ ಒಂದು ದಿನ ಹೇಳುತ್ತೇನೆ. ರಾತ್ರಿಯೆಲ್ಲ ನಕ್ಷತ್ರ ಹೊಳೆಯುತ್ತಿದ್ದವು. ಮೂರೂವರೆಗೆ ತಲೆದೀಪ ಹಚ್ಚಿ ಹೊರಟೆವು. ಹಿಮ ಎಷ್ಟು ಗಟ್ಟಿ ಅಂದರೆ, ಹತ್ತುವಾಗ ಹಿಂದಕ್ಕೆ ಜಾರದಿರಲೆಂದು ಸ್ಕೀ ಅಡಿಗೆ ಅಂಟಿಸಿದ ಪಟ್ಟಿ, ಅಂದರೆ ಸ್ಕಿನ್ ಕೂಡ ಜಾರುತ್ತಿತ್ತು. ಸ್ಕೀಗೆ ಹಾಕುವ ಕ್ರ್ಯಾಂಪಾನ್ (ಹಿಮಕ್ಕೆ ಕಚ್ಚುವ ಲೋಹದ ಮುಳ್ಳುಗಳು) ಕಚ್ಚಿಸಿದೆವು. ಇನ್ನೂ ಕಡಿದಾದಾಗ ಸ್ಕೀಗಳನ್ನು ಬ್ಯಾಗಿಗೆ ಕಟ್ಟಿ, ಬೂಟಿಗೆ ಕ್ರ್ಯಾಂಪಾನ್ ಹಾಕಿ, ಐಸ್ ಆಕ್ಸ್ ಎಂಬ ಹಿಮಗೊಡಲಿ ಊರುತ್ತಾ ಹತ್ತಿದೆವು. ಅಲ್ಲಿ ಕಾಲು ಜಾರಿದರೆ ತಡೆಯುವಂಥದ್ದು ಏನೂ ಇರಲಿಲ್ಲ.

ಎಂಟೂಮುಕ್ಕಾಲಿಗೆ ತುದಿ ಸೇರಿದೆವು. ಕೂಡಲೇ ಇಳಿಯಲಿಲ್ಲ. ಪೂರ್ವಕ್ಕೆ ಮುಖ ಮಾಡಿದ ಇಳಿಜಾರಿಗೆ ಬಿಸಿಲು ಬಿದ್ದಿತ್ತು, ಆದರೂ ಹಿಮ ಗಾಜಿನಂತಿತ್ತು. ಐದೈದು ನಿಮಿಷಕ್ಕೆ ಕೋಲಿನಿಂದ ಚುಚ್ಚಿ ನೋಡುತ್ತಾ ಕಾದೆವು. ಅರ್ಧ ಗಂಟೆಯಲ್ಲಿ ಮೇಲಿನ ಎರಡು ಸೆಂಟಿಮೀಟರ್ ಸಡಿಲವಾಯಿತು, ಒಳಗೆ ಮಾತ್ರ ನೆಲದಷ್ಟು ಗಟ್ಟಿ. ಕರಗಿ ಹೆಪ್ಪುಗಟ್ಟಿ ಹರಳುಪ್ಪಿನಂತೆ ಉಂಡೆಯಾದ ಕಣಗಳವು. ಸ್ಕೀ ಮಾಡುವವರು ಇದನ್ನೇ ಕಾರ್ನ್ ಅನ್ನುತ್ತಾರೆ. ಒಬ್ಬೊಬ್ಬರಾಗಿ ಇಳಿದೆವು. ಸ್ಕೀಯ ಅಂಚು ಎಲ್ಲಿ ಊರಿದರೂ ಹಿಡಿಯುತ್ತಿತ್ತು. ಆ ಸುಖಕ್ಕೆ ನಾನು ಎಷ್ಟು ಸಲ ಬೇಕಾದರೂ ನಿದ್ದೆ ಬಿಡುತ್ತೇನೆ.

ಹನ್ನೊಂದೂವರೆಗೆ ಕೆಳಗೆ ಕೂತು ಮೇಲೆ ನೋಡುತ್ತಿದ್ದೆವು. ಬಿಸಿಲಿಗೆ ಕಾದ ಬಂಡೆಯ ಬುಡದಿಂದ ಒದ್ದೆ ಹಿಮ ಕಳಚಿತು. ವೇಗ ಅಷ್ಟೇನಿಲ್ಲ, ಆದರೆ ಅಗಲವಾಗುತ್ತಾ, ಗುಡುಗುತ್ತಾ ಬಂದು ನಮ್ಮ ಸ್ಕೀ ಗುರುತುಗಳನ್ನು ಅರ್ಧಕ್ಕೆ ಅಳಿಸಿಹಾಕಿತು. ಆಮೇಲೆ ಕುಸಿದ ಹಿಮದ ದೂರದ ಅಂಚಿಗೆ ಹೋಗಿ ಮುಟ್ಟಿದೆ. ನಿಂತ ಹಿಮ ಕಾಂಕ್ರೀಟಿನಂತೆ ಬಿಗಿದಿತ್ತು. ಹೂತವರನ್ನು ಹುಡುಕಲು ಸಿಗ್ನಲ್ ಕೊಡುವ ಬೀಕನ್, ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲಾದ ಪ್ರೋಬ್, ಸಲಿಕೆ ಮೂರೂ ನಮ್ಮ ಬಳಿ ಇದ್ದವು. ಆದರೆ ಅದರಡಿ ಸಿಕ್ಕವರನ್ನು ಕೆಲವೇ ನಿಮಿಷದಲ್ಲಿ ಅಗೆದು ತೆಗೆಯುವುದು ಎಷ್ಟು ಕಷ್ಟ ಅಂತ ಅವತ್ತು ಕೈಗೇ ಗೊತ್ತಾಯಿತು.

ಮುಂದಿನ ಸಲ ಹೊರಡುವ ಮುಂಚೆ ಆಕಾಶ ನೋಡಿ, ಬೂಟಿನಿಂದ ಹಿಮ ಒದ್ದು ನೋಡಿ. ಹತ್ತುವಾಗ ಹಿಮದುಂಡೆಗಳು ತಾವಾಗಿಯೇ ಉರುಳುತ್ತಿದ್ದರೆ ಅಥವಾ ಬೂಟು ಕಾಲಿನ ಹರಡು ಮುಳುಗುವಷ್ಟು ಕುಸಿದರೆ, ತುದಿ ಎಷ್ಟೇ ಹತ್ತಿರವಿರಲಿ, ಗೈಡ್ ಹೇಳುವ ಮುಂಚೆ ನೀವೇ ತಿರುಗಿ.