ಕುರ್ಚಿ ಮುಟ್ಟಿದರೆ ಕೈಗೆ ಬಿಳಿ ಪುಡಿ

ಪ್ರಶ್ನೆ: ನಮ್ಮ ತಾರಸಿ ಮೇಲೆ ಎರಡು ಕೆಂಪು ಪ್ಲಾಸ್ಟಿಕ್ ಕುರ್ಚಿ ವರ್ಷಗಟ್ಟಲೆ ಬಿಸಿಲಲ್ಲೇ ಇವೆ. ಬಣ್ಣ ಬೆಳ್ಳಗಾಗಿದೆ, ಕೂತು ಎದ್ದರೆ ಬಟ್ಟೆಗೆ ಪುಡಿ ಹತ್ತುತ್ತೆ. ತೊಳೆದರೂ ಮತ್ತೆ ಅದೇ ಕತೆ. ಪಕ್ಕದ ಮನೆಯವರು ಕೊಬ್ಬರಿ ಎಣ್ಣೆ ಹಚ್ಚಿ ಅಂತಾರೆ. ಸರಿಹೋಗುತ್ತಾ?
— ಓದುಗರು, ರಾಯಚೂರು

ಉತ್ತರ: ಅದು ಧೂಳಲ್ಲ. ಕುರ್ಚಿಯೇ ಮೇಲಿಂದ ಪುಡಿಯಾಗುತ್ತಿದೆ. ಒಮ್ಮೆ ತಲೆಕೆಳಗು ಮಾಡಿ ನೋಡಿ, ಸೀಟಿನ ಅಡಿಭಾಗ ಇನ್ನೂ ಕೆಂಪಗೆ, ನುಣ್ಣಗೆ ಇರುತ್ತದೆ.

ಇಂಥ ಕುರ್ಚಿಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್‌ನವು, ಅಂದರೆ ಉದ್ದುದ್ದ ಸರಪಳಿಯಂಥ ಅಣುಗಳು. ಬಿಸಿಲಿನ ಅಲ್ಟ್ರಾವಯೊಲೆಟ್ ಕಿರಣ ಬಿದ್ದಾಗ ಗಾಳಿಯ ಆಕ್ಸಿಜನ್ ಬಂದು ಈ ಸರಪಳಿಗೆ ಕೈಹಾಕುತ್ತದೆ, ಒಂದು ಕಡೆ ತುಂಡಾದರೆ ಅದೇ ಪಕ್ಕದ್ದನ್ನೂ ಕೆಡಿಸುತ್ತದೆ, ನಿಮ್ಮೂರಿನ ಕಾವಿಗೆ ಈ ಕೆಲಸ ಇನ್ನೂ ಚುರುಕು. ಆಕ್ಸಿಜನ್ ಒಳಗೆ ಜಾಸ್ತಿ ಇಳಿಯುವುದಿಲ್ಲ, ಹಾಗಾಗಿ ಹಾಳಾಗುವುದು ತೆಳ್ಳನೆಯ ಮೇಲ್ಪದರ ಮಾತ್ರ. ಆ ಪದರ ಕುಗ್ಗಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಪ್ಲಾಸ್ಟಿಕ್ ಜೊತೆ ಬೆರೆಸಿದ್ದ ಬಣ್ಣ, ಸುಣ್ಣಕಲ್ಲಿನ ಪುಡಿ ಹಿಡಿತ ತಪ್ಪಿ ಉದುರುತ್ತವೆ. ನಿಮ್ಮ ಬಟ್ಟೆಗೆ ಹತ್ತಿದ್ದು ಅದೇ.

ಎಣ್ಣೆ ಹಚ್ಚಿದರೆ ಕೆಂಪು ವಾಪಸ್ ಬಂದ ಹಾಗೆ ಕಾಣುತ್ತದೆ, ಸುಳ್ಳಲ್ಲ. ಬಿರುಕುಗಳಲ್ಲಿ ಬೆಳಕು ಚದುರುವುದರಿಂದಲೇ ಮೈ ಬೆಳ್ಳಗೆ ಕಾಣುವುದು, ಎಣ್ಣೆ ಆ ಸಂದಿಗಳನ್ನು ತುಂಬುತ್ತದೆ ಅಷ್ಟೇ. ಆಮೇಲೆ ಧೂಳೂ ಮೆತ್ತಿಕೊಳ್ಳುತ್ತದೆ! ಸ್ಯಾಂಡ್‌ಪೇಪರ್ ಉಜ್ಜಿದರೆ ಹೊಸ ಮೈ ಸಿಗುತ್ತದೆ, ಆದರೆ ಬಿಸಿಲು ಅದನ್ನೂ ಬಿಡಲ್ಲ.

ನನಗೆ ಚಿಂತೆ ಬಣ್ಣದ್ದಲ್ಲ, ಕಾಲಿನದು. ಮೇಲಿನ ಸಣ್ಣ ಬಿರುಕೇ ಭಾರ ಬಿದ್ದಾಗ ಒಳಗೆ ಓಡುತ್ತದೆ. ಹೊಸ ಕುರ್ಚಿ ಬಾಗುತ್ತದೆ, ಹಳೆಯದು ಬಾಗದೆ ಫಟ್ ಅಂತ ಮುರಿಯುತ್ತದೆ, ಅದೂ ಹಿಂಗಾಲಿನ ಬುಡದಲ್ಲೇ ಜಾಸ್ತಿ. ಕೈಹಿಡಿಯನ್ನು ಮೆಲ್ಲಗೆ ಬಗ್ಗಿಸಿ ನೋಡಿ. ಬಿಳಿ ಗೆರೆ ಎದ್ದರೆ, ಟಕ್ ಅಂದರೆ, ಅದರ ಮೇಲೆ ಯಾರನ್ನೂ ಕೂರಿಸಬೇಡಿ. ಬಲ್ಬ್ ಹಾಕಲು ಹತ್ತುವುದಂತೂ ಬೇಡವೇ ಬೇಡ.

ಹಾಗಾದರೆ ಅದೇ ತಾರಸಿಯ ಕಪ್ಪು ನೀರಿನ ಟ್ಯಾಂಕ್ ಹೇಗೆ ತಡೆಯುತ್ತೆ ಅಂತೀರಾ? ಅದರಲ್ಲಿ ನೂರಕ್ಕೆ 2-3 ಪಾಲು ಕಾರ್ಬನ್ ಬ್ಲ್ಯಾಕ್, ಅಂದರೆ ನುಣ್ಣನೆಯ ಮಸಿ ಬೆರೆಸಿರುತ್ತಾರೆ. ಕಿರಣವನ್ನು ಅದೇ ನುಂಗಿಕೊಳ್ಳುತ್ತದೆ. ಬಣ್ಣದ ಕುರ್ಚಿಗೂ ಬಿಸಿಲು ತಡೆಯುವ ರಾಸಾಯನಿಕ ಹಾಕಬಹುದು, ಆದರೆ ಅದಕ್ಕೆ ದುಡ್ಡು ಬೇಕು, ಅಗ್ಗದ ಮಾಲಿನಲ್ಲಿ ಅದಕ್ಕೇ ಮೊದಲು ಕತ್ತರಿ.

ಇವೆರಡನ್ನೂ ಪೂರ್ತಿ ಉದುರುವ ಮೊದಲೇ ಗುಜರಿಗೆ ಕೊಟ್ಟುಬಿಡಿ, ಸುಡಬೇಡಿ. ಹೊಸದು ತಂದರೆ ಮೆಟ್ಟಿಲ ನೆರಳಿಗೆ ಎಳೆದಿಡಿ.