ಹತ್ತೋದು ಗೊತ್ತು, ಇಳಿಯೋದು?

ಓದುಗರ ಪತ್ರ:

ಸಂಪಾದಕರೇ, ನನಗೆ 24 ವರ್ಷ. ಚಿತ್ರದುರ್ಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ಎರಡು ವರ್ಷದಿಂದ ಗೇರ್ ಸೈಕಲ್ ತುಳಿಯುತ್ತಿದ್ದೇನೆ. ಭಾನುವಾರ ಹೈವೇಯಲ್ಲಿ ಹಿರಿಯೂರಿಗೆ ಹೋಗಿ ಬರುತ್ತೇನೆ. ಈಗ ಎಂಟಿಬಿ, ಅಂದರೆ ಗುಡ್ಡದ ಮಣ್ಣು ದಾರಿಯಲ್ಲಿ ತುಳಿಯುವ ಮೌಂಟನ್ ಬೈಕ್ ರೇಸ್‌ಗೆ ಇಳಿಯುವ ಆಸೆ. ಲಕ್ಷ ರೂಪಾಯಿ ಸೈಕಲ್ ಇಲ್ಲದೆ ಹೋದರೆ ನಗೆಪಾಟಲಾಗುತ್ತೀಯ ಎನ್ನುತ್ತಾರೆ ಗೆಳೆಯರು. ವಯಸ್ಸೂ ಮೀರಿತಂತೆ. ಎಲ್ಲಿಂದ ಶುರು ಮಾಡಲಿ? ನನ್ನ ರೇಸ್ ನೋಡಲು ನೀವು ಬರುತ್ತೀರಾ?
– ಹೆಸರು ಬೇಡ ಎಂದ ಓದುಗ, ಚಿತ್ರದುರ್ಗ

ಸಂಪಾದಕರ ಉತ್ತರ:

ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ. ನಾನು ಮೊದಲ ಎಂಟಿಬಿ ರೇಸ್‌ಗೆ ಹೋದಾಗ ನನಗೆ 38. ಹಾಗಾಗಿ ವಯಸ್ಸಿನ ಮಾತು ಅಲ್ಲಿಗೇ ಬಿಡಿ. ದಾವಣಗೆರೆಯಿಂದ ಹರಿಹರಕ್ಕೆ ದಿನಾ ಬೆಳಿಗ್ಗೆ ಹೋಗಿ ಬರುತ್ತಿದ್ದೆ. ಕಾಲು ಗಟ್ಟಿ ಇದೆ, ಇನ್ನೇನು ಬೇಕು ಅಂದುಕೊಂಡಿದ್ದೆ. ಸೀಟಿ ಊದಿದ್ದೇ ತಡ, ಜೀವ ಹೋಗುವ ಹಾಗೆ ತುಳಿದೆ. ಮೊದಲ ಏರಿನಲ್ಲಿ ಹತ್ತು ಜನರನ್ನು ಹಿಂದೆ ಹಾಕಿದೆ. ಆಮೇಲೆ ಇಳಿಜಾರು ಬಂತು. ಆ ಹತ್ತು ಜನರ ಜೊತೆ ಇನ್ನೂ ಹತ್ತು ಜನ ನನ್ನನ್ನು ದಾಟಿಕೊಂಡು ಹೋದರು. ಮೀಸೆ ಸರಿಯಾಗಿ ಮೂಡದ ಹುಡುಗನೊಬ್ಬ 'ಅಂಕಲ್, ಸೈಡ್!' ಎಂದು ಕೂಗಿದ. ಗಾಬರಿಯಲ್ಲಿ ತಿರುವಿನ ನಟ್ಟನಡುವೆ ಮುಂದಿನ ಬ್ರೇಕ್ ಹಿಡಿದೆ. ಸೈಕಲ್ ನಿಂತಿತು, ನಾನು ನಿಲ್ಲಲಿಲ್ಲ. ಮೊಣಕೈ ಮೇಲೆ ಗುರುತು ಈಗಲೂ ಇದೆ.

ಎರಡನೇ ಸುತ್ತಿನ ಕೊನೆಗೆ ಅಧಿಕಾರಿಯೊಬ್ಬರು ಕೈ ಅಡ್ಡ ಹಿಡಿದು ನನ್ನನ್ನು ಆಚೆ ಕಳಿಸಿದರು. ಏರು ಇಳಿಜಾರಿನ ಮಣ್ಣು ದಾರಿಯನ್ನು ಹಲವು ಸುತ್ತು ಹಾಕುವ ಕ್ರಾಸ್ ಕಂಟ್ರಿ ರೇಸ್‌ನಲ್ಲಿ 80 ಶೇಕಡಾ ನಿಯಮ ಅಂತ ಒಂದಿದೆ. ಮೊದಲಿಗ ಮೊದಲ ಸುತ್ತನ್ನು 15 ನಿಮಿಷದಲ್ಲಿ ಮುಗಿಸಿದ ಅಂತಿಟ್ಟುಕೊಳ್ಳಿ. ಆಮೇಲೆ ನೀವು ಅವನಿಗಿಂತ ಆ 15ರ 80 ಶೇಕಡಾ, ಅಂದರೆ 12 ನಿಮಿಷ ಹಿಂದೆ ಬಿದ್ದರೆ ನಿಮ್ಮ ಆಟ ಮುಗಿಯಿತು. ಕಿರಿದಾದ ದಾರಿಯಲ್ಲಿ ಅವನಿಗೆ ನೀವು ಅಡ್ಡ ಬರಬಾರದು, ಅಷ್ಟೇ. ಫಲಿತಾಂಶದ ಪಟ್ಟಿಯಲ್ಲಿ ನಿಮ್ಮ ಹೆಸರು ಇರುತ್ತದೆ, ಪಕ್ಕದಲ್ಲಿ ಎಷ್ಟು ಸುತ್ತು ಬಾಕಿ ಅಂತಲೂ ಇರುತ್ತದೆ. ಮೊದಲ ವರ್ಷ ಇದು ನಿಮಗೂ ಆಗಬಹುದು. ಆಗಲಿ ಬಿಡಿ.

ನಿಮ್ಮ ಪತ್ರದಲ್ಲಿ ಒಂದು ವಿಷಯ ನನಗೆ ಎದ್ದು ಕಂಡಿತು. ಕಿಲೋಮೀಟರ್ ಲೆಕ್ಕ ಇದೆ, ದುಡ್ಡಿನ ಲೆಕ್ಕ ಇದೆ, ಇಳಿಯುವ ಮಾತೇ ಇಲ್ಲ. ಹಿರಿಯೂರಿಗೆ ಹೋಗಿ ಬರುವವರಿಗೆ ಏರು ಹತ್ತುವ ದಮ್ಮು ಬಂದೇ ಬರುತ್ತದೆ. ಇಳಿಯುವುದು ಬರುವುದಿಲ್ಲ. ಅದನ್ನು ಬೇರೆಯಾಗಿ ಕಲಿಯಬೇಕು.

ಈ ಆಟ ಹುಟ್ಟಿದ್ದೇ ಇಳಿಜಾರಿನಲ್ಲಿ, ಅದೂ ಗುಜರಿ ಸೈಕಲ್ ಮೇಲೆ. 1976ರ ಅಕ್ಟೋಬರ್ 21ರಂದು ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಒಂದಷ್ಟು ಹುಡುಗರು ಗುಡ್ಡದ ಮಣ್ಣು ದಾರಿಯಲ್ಲಿ ರೇಸ್ ಇಟ್ಟುಕೊಂಡರು. ದಪ್ಪ ಟೈರಿನ, ಭಾರದ ಹಳೇ ಸೈಕಲ್‌ಗಳು. ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಕೆಳಗೆ ತಲುಪುವ ಹೊತ್ತಿಗೆ ಹಿಂದಿನ ಚಕ್ರದ ನಡುವಿನ ಹಬ್‌ನ ಗ್ರೀಸು ಸುಟ್ಟು ಹೊಗೆಯಾಗುತ್ತಿತ್ತು. ಮತ್ತೆ ಗ್ರೀಸು ತುಂಬಬೇಕಿತ್ತು. ಅದಕ್ಕೇ ಆ ರೇಸ್‌ಗೆ 'ರೀಪ್ಯಾಕ್' ಎಂಬ ಹೆಸರು ಬಂತು. ಇಪ್ಪತ್ತು ವರ್ಷಕ್ಕೆ, 1996ರ ಅಟ್ಲಾಂಟಾದಲ್ಲಿ, ಮೌಂಟನ್ ಬೈಕ್ ಒಲಿಂಪಿಕ್ಸ್ ಆಟವಾಯಿತು. ಲಕ್ಷದ ಸೈಕಲ್ ಅನ್ನುವ ನಿಮ್ಮ ಗೆಳೆಯರಿಗೆ ಇದನ್ನು ಹೇಳಿ.

ಈಗಿರುವ ಸೈಕಲ್‌ನಲ್ಲಿ ಡಿಸ್ಕ್ ಬ್ರೇಕ್ ಇದ್ದು, ಎರಡು ಇಂಚಿಗಿಂತ ದಪ್ಪ ಟೈರ್ ಹಿಡಿಸಿದರೆ ಅದರಲ್ಲೇ ಶುರು ಮಾಡಿ. ಕೊಳ್ಳಲೇಬೇಕೆಂದರೆ ಹಾರ್ಡ್‌ಟೇಲ್ ಸಾಕು, ಅಂದರೆ ಮುಂದೆ ಮಾತ್ರ ಸಸ್ಪೆನ್ಶನ್ ಇರುವುದು. ಹಿಂದೆಯೂ ಸ್ಪ್ರಿಂಗ್ ಇಟ್ಟು ಅಗ್ಗಕ್ಕೆ ಮಾರುವವು ಬೇಡವೇ ಬೇಡ. ಭಾರ ಜಾಸ್ತಿ. ಏರಿನಲ್ಲಿ ನಿಮ್ಮ ಅರ್ಧ ಶಕ್ತಿ ಸ್ಪ್ರಿಂಗ್ ಕುಣಿಸುವುದಕ್ಕೇ ಹೋಗುತ್ತದೆ. ಸೆಕೆಂಡ್ ಹ್ಯಾಂಡ್ ನೋಡುವಾಗ ಫ್ರೇಮಿನ ಬೆಸುಗೆ ಹತ್ತಿರ ಬಿರುಕು ಇದೆಯಾ, ಮುಂದಿನ ಫೋರ್ಕ್‌ನ ಹೊಳೆಯುವ ಕೊಳವೆ ಮೇಲೆ ಗೀರು ಇದೆಯಾ ನೋಡಿ. ಬಣ್ಣ ಹೋಗಿದ್ದರೆ ಹೋಗಲಿ.

ನಮ್ಮ ಸೀಮೆಯಲ್ಲಿ ಸೈಕಲ್‌ಗಿಂತ ದೊಡ್ಡ ಪ್ರಶ್ನೆ ಜಾಲಿ ಮುಳ್ಳು. ಚಳ್ಳಕೆರೆ ಕಡೆ ಒಂದು ಬೆಳಿಗ್ಗೆ ನನಗೆ ನಾಲ್ಕು ಪಂಚರ್ ಆಗಿತ್ತು. ಬಳ್ಳಾರಿ ಜಾಲಿ ಬೆಳೆದ ಕಡೆಯೆಲ್ಲ ಇದೇ ಗೋಳು. ಟೈರು ಮತ್ತು ರಿಮ್ಮು ಒಗ್ಗಿದರೆ ಟ್ಯೂಬ್‌ಲೆಸ್ ಮಾಡಿಸಿ, ಒಳಗೆ ಸೀಲೆಂಟ್ ದ್ರವ ಹಾಕಿಸಿ. ಮುಳ್ಳು ಚುಚ್ಚಿದ ತೂತನ್ನು ಅದೇ ಮುಚ್ಚಿಕೊಳ್ಳುತ್ತದೆ. ಬಿಸಿಲಿಗೆ ಒಣಗುವ ವಸ್ತು, ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ಹಾಕಬೇಕು. ಇನ್ನು ಗಾಳಿ. ಪಂಚರ್ ಅಂಗಡಿಯಲ್ಲಿ ಹೆಬ್ಬೆರಳು ಒತ್ತಿ 'ಕಲ್ಲಿನಂಗಿದೆ ಸರ್' ಎಂದು ಕೊಡುತ್ತಾರಲ್ಲ, ಹೈವೇಗೆ ಅದು ಸರಿ. ಕಲ್ಲು ದಾರಿಯಲ್ಲಿ ಅಂಥ ಟೈರು ಚೆಂಡಿನ ಹಾಗೆ ಪುಟಿಯುತ್ತದೆ, ನೆಲ ಹಿಡಿಯುವುದಿಲ್ಲ. 65 ಕಿಲೋ ತೂಗುವವರಿಗೆ ಟ್ಯೂಬ್ ಇದ್ದರೆ 30 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಆಸುಪಾಸು, ಟ್ಯೂಬ್‌ಲೆಸ್ ಆದರೆ 25ರ ಹತ್ತಿರ ಇಟ್ಟು ನೋಡಿ. ಆಮೇಲೆ ಒಂದೊಂದೇ ಏರಿಸಿ ಇಳಿಸಿ. ಟ್ಯೂಬ್ ಇರುವಾಗ ತೀರಾ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಎರಡು ತೂತು ಬೀಳುತ್ತವೆ, ಹಾವು ಕಚ್ಚಿದ ಹಾಗೆ. ಗೇಜ್ ಇರುವ ಪಂಪ್ ಕೊಳ್ಳಿ. ಹೊಸ ಸೈಕಲ್‌ಗಿಂತ ಮೊದಲು ಅದು.

ಈಗ ಇಳಿಯುವ ವಿಷಯ. ಶಾಲೆಯಲ್ಲಿ ಆಗಸ್ಟ್ 15ಕ್ಕೆ ನಿಧಾನ ಸೈಕಲ್ ಸ್ಪರ್ಧೆ ಇಡುತ್ತಿದ್ದರು, ನೆನಪಿದೆಯಾ? ಕಾಲು ನೆಲಕ್ಕೆ ತಾಗಿಸದೆ ಕೊನೆಗೆ ಬಂದವನೇ ಗೆದ್ದವನು. ನಿಮ್ಮ ಮೊದಲ ಪಾಠ ಅದೇ. ಖಾಲಿ ಮೈದಾನದಲ್ಲಿ ಸೀಟಿನಿಂದ ಎದ್ದು ನಿಲ್ಲಿ. ಎರಡೂ ಪೆಡಲ್ ನೆಲಕ್ಕೆ ಸಮ. ಹಿಮ್ಮಡಿ ಸ್ವಲ್ಪ ಕೆಳಗೆ. ಮೊಣಕೈ ಮಡಚಿ ಆಚೆಗೆ. ಹೀಗೇ ನಿಂತು ಆದಷ್ಟು ನಿಧಾನಕ್ಕೆ ಹೋಗಿ. ಆಮೇಲೆ ಸುಣ್ಣದಲ್ಲಿ ಗೆರೆ ಎಳೆದು ಜೋರಾಗಿ ಬಂದು ಗೆರೆಗೆ ಸರಿಯಾಗಿ ನಿಲ್ಲಿಸಿ. ಬ್ರೇಕಿಗೆ ಒಂದೊಂದೇ ಬೆರಳು, ಉಳಿದವು ಹ್ಯಾಂಡಲ್ ಮೇಲೆ. ಸೈಕಲ್ ನಿಲ್ಲಿಸುವುದು ಹೆಚ್ಚಾಗಿ ಮುಂದಿನ ಬ್ರೇಕೇ, ಯಾಕೆಂದರೆ ಹಿಡಿದ ಕೂಡಲೇ ಭಾರ ಮುಂದಕ್ಕೆ ಬರುತ್ತದೆ. ಅದಕ್ಕೆ ಹೆದರಿ ಹಿಂದಿನದನ್ನೇ ನಂಬಿದರೆ ಚಕ್ರ ಜಾರುತ್ತದೆ. ನೇರ ದಾರಿಯಲ್ಲಿ ಮುಂದಿನದನ್ನು ಮೆಲ್ಲಗೆ ಒತ್ತುತ್ತಾ ಹೋಗಿ. ತಿರುವು ಬರುವ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಬಿಡಿ. ನಾನು ಮಾಡಿದ್ದು ಇದರ ಉಲ್ಟಾ.

ಕಣ್ಣಿನ ವಿಷಯ ಹೇಳಲು ಸುಲಭ, ಮಾಡಲು ಕಷ್ಟ. ಕಲ್ಲು ನೋಡಿದರೆ ಸೈಕಲ್ ಕಲ್ಲಿಗೇ ಹೋಗುತ್ತದೆ. ಕಲ್ಲಿನ ಪಕ್ಕದ ಜಾಗ ನೋಡಬೇಕು, ಮುಂದಿನ ತಿರುವು ನೋಡಬೇಕು. ಇಳಿಯುವ ಮೊದಲು ಸೀಟನ್ನು ನಾಲ್ಕು ಬೆರಳು ತಗ್ಗಿಸಿ ಅಭ್ಯಾಸ ಮಾಡಿ, ಧೈರ್ಯ ತಾನಾಗಿ ಬರುತ್ತದೆ. ಒಂದೇ ಇಳಿಜಾರು, 50 ಮೀಟರ್ ಇದ್ದರೂ ಸಾಕು, ಒಂದು ಬೆಳಿಗ್ಗೆ ಇಪ್ಪತ್ತು ಸಲ ಇಳಿಯಿರಿ. ಬೋರ್ ಆಗುತ್ತದೆ. ಬೋರ್ ಆಗುವಷ್ಟು ಸಲೀಸಾದ ಮೇಲೆ ಮುಂದಿನ ಇಳಿಜಾರಿಗೆ ಹೋಗಿ.

ಎಲ್ಲಿ ಮಾಡಲಿ ಅಂತೀರಾ? ಕೋಟೆಯೊಳಗೆ ಬೇಡ. ಅದು ಪುರಾತತ್ವ ಇಲಾಖೆಯ ಸ್ಮಾರಕ, ಬಂಡೆ ಎಷ್ಟೇ ಆಸೆ ಹುಟ್ಟಿಸಲಿ. ಜೋಗಿಮಟ್ಟಿಗೆ ಗೇಟಿನಲ್ಲಿ ಕೇಳಿಯೇ ಹೋಗಿ, ಡಾಂಬರು ಬಿಟ್ಟು ಕಾಡಿಗೆ ಇಳಿಯಬೇಡಿ. ಅಲ್ಲಿ ಕರಡಿ, ಚಿರತೆ ಇವೆ, ನಿಮ್ಮ ಪ್ರ್ಯಾಕ್ಟೀಸು ಅವಕ್ಕೆ ಬೇಕಿಲ್ಲ. ಆದರೆ ಆ ರಸ್ತೆಯ ಏರು ಕಾಲಿಗೆ ಬಂಗಾರ. ಗಾಳಿಯಂತ್ರಗಳಿಗೆ ಹೋಗುವ ಜಲ್ಲಿ ದಾರಿಗಳಲ್ಲಿ ಕಾವಲುಗಾರನನ್ನು ಮಾತಾಡಿಸಿದರೆ ಕೆಲವು ಕಡೆ ಬಿಡುತ್ತಾರೆ. ನನ್ನನ್ನು ಕೇಳಿದರೆ ಕುರಿ ದಾರಿಗಳೇ ವಾಸಿ. ರೇಸಿನವರು ಸಿಂಗಲ್ ಟ್ರ್ಯಾಕ್ ಅನ್ನುವುದು ನಮ್ಮ ಕುರಿ ದಾರಿಯನ್ನೇ, ಒಂದು ಸೈಕಲ್ ಅಗಲ, ಕಲ್ಲು, ಬೇರು, ಸುತ್ತುಬಳಸು. ಹಟ್ಟಿಯವರಿಗೆ ಒಂದು ಮಾತು ಹೇಳಿ, ನಾಯಿಗಳಿಗೂ ಪರಿಚಯ ಮಾಡಿಕೊಳ್ಳಿ. ದಾವಣಗೆರೆ ಕಡೆ ಬಂದರೆ ಬಾತಿ ಗುಡ್ಡದ ಸುತ್ತ, ಕೊಂಡಜ್ಜಿ ಕಡೆ ನಾನೇ ಕರೆದುಕೊಂಡು ಹೋಗುತ್ತೇನೆ.

ಯಾವ ರೇಸ್ ಮೊದಲು ಅನ್ನುವುದು ಮುಖ್ಯ. 24 ಅಂದರೆ ಅಧಿಕೃತ ಚಾಂಪಿಯನ್‌ಶಿಪ್‌ಗಳಲ್ಲಿ ನೀವು ಎಲೀಟ್, ಅಂದರೆ ಮೇಲಿನ ವಿಭಾಗದವರು. 23ರಿಂದ ಎಲೀಟ್ ಶುರುವಾಗುತ್ತದೆ, ನೀವು ಹೊಸಬರು ಅಂತ ರಿಯಾಯಿತಿ ಇಲ್ಲ. ವಿಜಯಪುರ, ಬಾಗಲಕೋಟೆಯ ಕ್ರೀಡಾ ಹಾಸ್ಟೆಲ್‌ಗಳಲ್ಲಿ ಚಿಕ್ಕಂದಿನಿಂದ ತುಳಿದು ಬೆಳೆದ ಹುಡುಗರ ಪಕ್ಕದಲ್ಲಿ ನಿಲ್ಲಬೇಕು. ಅದಕ್ಕೇ ಮೊದಲು ಬಿಗಿನರ್ ಅಥವಾ ಓಪನ್ ವಿಭಾಗ ಇರುವ ರೇಸ್ ಹುಡುಕಿ. ಎರಡು ಮೂರು ಆದ ಮೇಲೆ ರಾಜ್ಯ ಮಟ್ಟದ ಮಾತು.

ದಮ್ಮಿನ ತಯಾರಿ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಿಮಗೆ ಬುನಾದಿ ಇದೆ. ವಾರದಲ್ಲಿ ಒಂದು ದಿನ ಏರಿನಲ್ಲಿ 4 ನಿಮಿಷ ಮಾತಾಡಲಾಗದಷ್ಟು ಜೋರು, 3 ನಿಮಿಷ ಆರಾಮು, ಹೀಗೆ ನಾಲ್ಕು ಸಲ. ಉಳಿದ ದಿನ ಪಕ್ಕದವರ ಜೊತೆ ಹರಟೆ ಹೊಡೆಯುವ ವೇಗ. ರೇಸ್ ದಿನ ಬೆಳಿಗ್ಗೆ ಬೆಣ್ಣೆ ದೋಸೆ ಬೇಡ. ದಾವಣಗೆರೆಯವನಾಗಿ ಈ ಮಾತು ಬರೆಯಲು ಕೈ ನಡುಗುತ್ತಿದೆ, ಆದರೆ ಬೆಣ್ಣೆ ಹೊಟ್ಟೆಯಲ್ಲೇ ಕೂತಿರುತ್ತದೆ. ಮೂರು ಗಂಟೆ ಮುಂಚೆ ಅವಲಕ್ಕಿ, ಬಾಳೆಹಣ್ಣು. ಬಾಟಲಿಗೆ ಬೆಲ್ಲ, ನಿಂಬೆ, ಉಪ್ಪು.

ಹಿಂದಿನ ದಿನವೇ ಹೋಗಿ ಕೋರ್ಸ್ ಸುತ್ತಿ. ಹೆದರಿಕೆ ಹುಟ್ಟಿಸುವ ಜಾಗದಲ್ಲಿ ಇಳಿದು ನಡೆದು ನೋಡಿ. ರೇಸ್‌ನಲ್ಲೂ ಇಳಿದು ಸೈಕಲ್ ಹೊತ್ತು ಓಡಬಹುದು, ಯಾರೂ ತಡೆಯುವುದಿಲ್ಲ. ನಾನಂತೂ ಈಗಲೂ ಎರಡು ಕಡೆ ಇಳಿದು ಓಡುತ್ತೇನೆ. ದಾರಿ ತಪ್ಪಿ ಹೊರಗೆ ಹೋದರೆ ಹೋದ ಜಾಗದಿಂದಲೇ ಒಳಗೆ ಬನ್ನಿ. ಪಂಚರ್ ಆದರೆ ನಿಮ್ಮ ಜೇಬಿನ ಸಾಮಾನಿನಿಂದ ನೀವೇ ಹಾಕಿಕೊಳ್ಳಬೇಕು. ಹೊರಗಿನವರ ಸಹಾಯ ಫೀಡ್ ಝೋನ್‌ನಲ್ಲಿ, ಅಂದರೆ ನೀರು, ತಿಂಡಿ ಕೊಡಲು ಗುರುತು ಮಾಡಿದ ಜಾಗದಲ್ಲಿ ಮಾತ್ರ.

ಬರುತ್ತೀರಾ ಎಂದು ಕೇಳಿದ್ದೀರಿ. ಬರುತ್ತೇನೆ, ಆ ಫೀಡ್ ಝೋನ್‌ನಲ್ಲಿ ಬಾಟಲಿ ಹಿಡಿದು ನಿಲ್ಲುತ್ತೇನೆ. ಸೈಕಲ್ ಮೇಲಿಂದ ಒಂದು ಕೈಯಲ್ಲಿ ಬಾಟಲಿ ಕಸಿದುಕೊಳ್ಳುವುದನ್ನು ಮಾತ್ರ ಮನೆ ಮುಂದೆ ಅಭ್ಯಾಸ ಮಾಡಿಕೊಂಡು ಬನ್ನಿ. ಹೋದ ಸಲ ಒಬ್ಬರು ಬಾಟಲಿ ಬಿಟ್ಟು ನನ್ನ ಕೈ ಹಿಡಿದಿದ್ದರು.